ಬ್ರೂವರಿ ನೋಡೋಕೆ ಹೋಗೋದಾದ್ರೆ ಬೆಳಗ್ಗೆ ಹೋಗಿ: ಆರು ಗ್ಲಾಸು, ಒಂದು ಹಿಡಿ ಮಾಲ್ಟು

ತಿಪಟೂರು ಹೈದ

ಕಳೆದ ಮಂಗಳವಾರ ಬೆಳಗ್ಗೆ ಒಂಬತ್ತು ಗಂಟೆಗೆ ನಾನು ಬಿಯರ್ ಮಾಡೋ ಜಾಗದಲ್ಲಿ ನಿಂತಿದ್ದೆ. ಕುಡಿಯೋಕಲ್ಲ ಸ್ವಾಮಿ, ನೋಡೋಕೆ. ನಮ್ಮ ಪಕ್ಕದ ಮನೆ ಹುಡುಗ ಬೆಂಗಳೂರಿನ ಒಂದು ಮೈಕ್ರೋಬ್ರೂವರೀಲಿ ಕೆಲಸಕ್ಕಿದ್ದಾನೆ. "ಅಣ್ಣ, ಶನಿವಾರ ಸಂಜೆ ಬಂದ್ರೆ ಬರೀ ಸ್ಟೀಲ್ ಟ್ಯಾಂಕ್ ನೋಡಿ ಫೋಟೋ ತಗೊಂಡು ಹೋಗ್ತೀರ. ಬ್ರೂ ಮಾಡೋ ದಿನ ಬನ್ನಿ" ಅಂದ. ಅರ್ಧ ದಿನ ರಜ ಹಾಕಿ ಹೋದೆ. ಬ್ರೂವರಿ ಹೆಸರು ಹಾಕಲ್ಲ, ಹಾಕಿದ್ರೆ ಜಾಹೀರಾತು ಅಂತೀರ.

ಬಾಗಿಲು ತೆಗೆದಾಗ ಬಾರ್ ವಾಸನೆ ಬರುತ್ತೆ ಅಂತ ಅನ್ಕೊಂಡಿದ್ದೆ. ಚೆಲ್ಲಿದ ಬಿಯರ್ರು, ಫಿನಾಯಿಲ್ಲು, ಆ ಥರ. ಬಂದಿದ್ದು ನಮ್ಮಮ್ಮ ರಾಗಿ ಮಾಲ್ಟ್ ಮಾಡೋ ದಿನದ ಅಡುಗೆಮನೆ ವಾಸನೆ! ಮೊಳಕೆ ಕಟ್ಟಿ ಒಣಗಿಸಿದ ಕಾಳು ಬಿಸಿ ನೀರಿಗೆ ಬಿದ್ದಾಗ ಬರುತ್ತಲ್ಲ, ಸಿಹಿ ಸಿಹಿಯಾಗಿ, ಅದೇ. ಮೂವತ್ತು ವರ್ಷದಿಂದ "ಮಾಲ್ಟ್ ಕುಡಿದು ಹೋಗೋ" ಅಂತ ಬೈಸ್ಕೊಂಡಿದೀನಿ, ಬಿಯರ್ ಬಾಟ್ಲು ಮೇಲೂ "ಮಾಲ್ಟ್" ಅಂತ ಓದಿದೀನಿ. ಎರಡೂ ಒಂದೇ ಮಾತು ಅಂತ ತಲೆಗೇ ಹೊಳೆದಿರಲಿಲ್ಲ ನೋಡಿ.

ಆವತ್ತು ಹಾಕಿದ್ದು 25 ಕೆಜಿಯ ಎಂಟು ಮೂಟೆ ಬಾರ್ಲಿ ಮಾಲ್ಟ್, ಸಾವಿರ ಲೀಟರ್ ಬಿಯರ್‌ಗೆ. ಮೊದಲು ಗಿರಣಿ. ಹಿಟ್ಟಾಗಬಾರದಂತೆ, ನುಚ್ಚಾಗಬೇಕಂತೆ, ಹೊಟ್ಟು ಮಾತ್ರ ಇಡಿಯಾಗಿ ಉಳೀಬೇಕಂತೆ. ಯಾಕೆ ಅಂತ ಆಮೇಲೆ ಗೊತ್ತಾಯ್ತು. ಮದುವೆಮನೆ ಕೊಪ್ಪರಿಗೆ ಥರದ್ದೊಂದು ಸ್ಟೀಲ್ ಪಾತ್ರೇಲಿ ಬಿಸಿನೀರಿಗೆ ಈ ನುಚ್ಚು ಸುರಿದು ಬಾರ್ಲಿ ಬೇಯಿಸ್ತಾರೆ, ಒಂದು ಗಂಟೆ. ಆಮೇಲೆ ಕೆಳಗಿನ ಕೊಳಾಯಿಂದ ರಸ ಬಸೀತಾರೆ. ಬೇರೆ ಬಟ್ಟೆ, ಜರಡಿ ಏನಿಲ್ಲ. ತಳದಲ್ಲಿ ಕೂತ ಹೊಟ್ಟೇ ಜರಡಿ. ಮೊದಲು ಬಂದಿದ್ದು ಕೆಸರು ನೀರು, ಅದನ್ನ ಮತ್ತೆ ಮೇಲಕ್ಕೆ ಸುರಿದ್ರು. ಹತ್ತು ನಿಮಿಷ ಆಗೋಷ್ಟರಲ್ಲಿ ಜೇನುತುಪ್ಪದ ಬಣ್ಣದ ತಿಳಿ ರಸ ಬಂತು.

ನಡುವೆ ಒಂದು ತಮಾಷೆ. ಹುಡುಗ ಬಿಳಿ ತಟ್ಟೆ ಮೇಲೆ ಆ ರಸ ಒಂದು ಹನಿ ಹಾಕಿ, ಅದಕ್ಕೆ ಅಯೋಡಿನ್ ಬಿಟ್ಟ. ಎಂಟನೇ ಕ್ಲಾಸಲ್ಲಿ ಆಲೂಗಡ್ಡೆಗೆ ಹಾಕಿದ್ವಲ್ಲ, ಅದೇ ಅಯೋಡಿನ್. ನೀಲಿ ಆದ್ರೆ ಪಿಷ್ಟ ಇನ್ನೂ ಸಕ್ಕರೆ ಆಗಿಲ್ಲ ಅಂತ ಅರ್ಥ. ಕಂದು ಬಣ್ಣದಲ್ಲೇ ಉಳೀತು. "ಪಾಸ್" ಅಂದ. ಆ ರಸ ಅರ್ಧ ಲೋಟ ಕೊಟ್ಟ. ಹಾರ್ಲಿಕ್ಸ್‌ಗೆ ಬೆಲ್ಲ ಜಾಸ್ತಿ ಆದಂಗಿತ್ತು. ಅದರಲ್ಲಿ ಇನ್ನೂ ಮದ್ಯ ಒಂದು ತೊಟ್ಟೂ ಇಲ್ಲ, ಮಕ್ಕಳಿಗೂ ಕೊಡಬಹುದಾದ್ದು. ಅವರು ವರ್ಟ್ ಅಂತಾರೆ.

ಅದನ್ನ ಒಂದು ಗಂಟೆ ಕುದಿಸಿ ಹಾಪ್ಸ್ ಹಾಕ್ತಾರೆ. ಹಾಪ್ಸ್ ಅಂದ್ರೆ ಹೂವು ಅಂತ ಓದಿದ್ದೆ, ಕೈಗೆ ಕೊಟ್ಟಿದ್ದು ಮೊಲಕ್ಕೆ ಹಾಕೋ ಹಸಿರು ಗುಳಿಗೆ ಥರ. ಅಂಗೈಲಿ ತಿಕ್ಕಿ ಮೂಸು ಅಂದ. ಕಿತ್ತಳೆ ಸಿಪ್ಪೆ, ಮಾವಿನಕಾಯಿ ಸೊನೆ, ಅದರ ಹಿಂದೆ ಇನ್ನೇನೋ ಪರಿಚಯದ ಘಾಟು. ಗಾಂಜಾ ಗಿಡದ ಕುಟುಂಬದ್ದೇ ಅಂತೆ. ಕೈ ಎರಡು ಸಲ ಸೋಪು ಹಾಕಿ ತೊಳೆದ್ರೂ ವಾಸನೆ ಹೋಗ್ಲಿಲ್ಲ. ಮನೇಲಿ ಏನ್ ಹೇಳೋದು ಅಂತ ಯೋಚನೆ ಆಯ್ತು.

ಆಮೇಲೆ ತಣ್ಣಗೆ ಮಾಡಿ, ಈಸ್ಟ್ ಬಿಟ್ಟು, ಟ್ಯಾಂಕಿಗೆ. ಅಲ್ಲಿಂದ ಮುಂದೆ ಮನುಷ್ಯರ ಕೆಲಸ ಕಾಯೋದು, ತೊಳೆಯೋದು. ನಿಜ ಹೇಳ್ತೀನಿ, ನಾನಿದ್ದ ಐದು ಗಂಟೇಲಿ ಅವರು ಬಿಯರ್ ಮಾಡಿದ್ದಕ್ಕಿಂತ ಪೈಪ್ ತೊಳೆದಿದ್ದೇ ಜಾಸ್ತಿ.

ಮಧ್ಯಾಹ್ನ ಸಣ್ಣ ಗ್ಲಾಸಲ್ಲಿ ಆರು ಥರ ರುಚಿ ನೋಡಿದೆ, ಅದನ್ನ ಕೆಳಗೆ ಬರೀತೀನಿ. ಆದ್ರೆ ಹೇಳಬೇಕಾದ್ದು ಇದು: ರುಚಿ ನೋಡೋಕೆ ಮುಂಚೆ ಆ ಸಿಹಿ ರಸ ಕುಡಿದು, ಆ ಹಾಪ್ಸ್ ಮೂಸಿದ್ದಕ್ಕೇ ನನಗೆ ಗ್ಲಾಸಲ್ಲಿ ಏನಿದೆ ಅಂತ ಮೊದಲ ಸಲ ಗೊತ್ತಾಗಿದ್ದು. ಶನಿವಾರದ ಟೂರ್‌ಗೆ ದುಡ್ಡು ಕೊಡಬೇಡಿ.


ಫುಲ್ ಬಾಟ್ಲು

ಗುರು, ಇಷ್ಟೆಲ್ಲಾ ಕಥೆ ಓದಿ ನನಗೆ ಬಾಯಾರಿಕೆ ಆಯ್ತು. ಒಂದು ಪ್ರಶ್ನೆ. ಒಂದು ಗ್ಲಾಸಿಗೆ ನಾನೂರರ ಹತ್ತಿರ ಕೊಟ್ಟು ಹಾರ್ಲಿಕ್ಸ್ ಇತಿಹಾಸ ಯಾಕೆ ಕೇಳಬೇಕು? ನಮ್ಮ ವೈನ್ ಶಾಪಲ್ಲಿ 650 ಎಂಎಲ್ ಬಾಟ್ಲು ಅದರ ಅರ್ಧ ದುಡ್ಡಿಗೆ ಸಿಗುತ್ತೆ, ಕಡ್ಲೆಬೀಜ ಫ್ರೀ.


ತಿಪಟೂರು ಹೈದ

ಬಾಟ್ಲು ಬೇಡ ಅಂದೋರು ಯಾರು ಗುರು. ನಾನೂ ಅದೇ ಕುಡಿಯೋನು. ನೀನು ಒಂದು ದಿನ ಬೆಳಗ್ಗೆ ಬಾ, ವರ್ಟ್ ಫ್ರೀ, ಕಡ್ಲೆಬೀಜ ನಾನು ತರ್ತೀನಿ.


ಹುಳಿಹಿಟ್ಟು

ಬ್ರೂವರೀಲೇ ಕೆಲಸ ಮಾಡೋನು ನಾನು (ನೀವು ಹೋದ ಜಾಗ ಅಲ್ಲ). ಚೆನ್ನಾಗಿ ಬರೆದಿದ್ದೀರ, ಒಂದೇ ತಪ್ಪು: "ಬಾರ್ಲಿ ಬೇಯಿಸ್ತಾರೆ" ಅಂತ ಬರೆದಿದ್ದೀರಲ್ಲ, ಬೇಯಿಸಿದ್ರೆ ಕೆಲಸ ಕೆಟ್ಟಂಗೇ. ಆ ಕೊಪ್ಪರಿಗೇಲಿ ನೀರು ಸುಮಾರು 65ರಿಂದ 68 ಡಿಗ್ರಿ. ಮೊಳಕೆ ಬಂದಾಗ ಕಾಳಿನೊಳಗೆ ಅಮೈಲೇಸ್ ಅನ್ನೋ ಕಿಣ್ವ ಹುಟ್ಟಿರುತ್ತೆ, ಪಿಷ್ಟವನ್ನ ಸಕ್ಕರೆ ಮಾಡೋದು ಅದೇ. 65ರ ಕಡೆ ಇಟ್ರೆ ಈಸ್ಟ್ ತಿನ್ನೋ ಸಕ್ಕರೆ ಜಾಸ್ತಿ ಆಗಿ ಬಿಯರ್ ತೆಳ್ಳಗೆ, ಚುರುಕಾಗಿ ಬರುತ್ತೆ. 68ರ ಮೇಲೆ ಹೋದ್ರೆ ಈಸ್ಟ್ ತಿನ್ನದ ಸಕ್ಕರೆ ಉಳಿದು ಬಾಯಲ್ಲಿ ದಪ್ಪ ಅನ್ಸುತ್ತೆ. ಎಂಬತ್ತು ದಾಟಿದ್ರೆ ಕಿಣ್ವ ಸತ್ತೇ ಹೋಗುತ್ತೆ. ನಮ್ಮ ಕೆಲಸದ ಅರ್ಧ ಜಾಣತನ ಆ ಮೂರು ಡಿಗ್ರೀಲಿದೆ.

ಅದಕ್ಕೇ ಇನ್ನೊಂದು ಮಾತು. ನಿಮ್ಮ ಅಮ್ಮ ಮೊಳಕೆ ರಾಗಿಯನ್ನ ಘಮ್ ಅನ್ನೋ ತನಕ ಹುರೀತಾರೆ ತಾನೆ? ಹುರಿದ ಮೇಲೆ ಅದರಲ್ಲಿ ಕಿಣ್ವ ಹೆಚ್ಚು ಉಳಿಯಲ್ಲ. ಘಮ ಬರುತ್ತೆ, ಬಿಯರ್ ಬರಲ್ಲ. ನಾವೂ ಹುರಿದ ಮಾಲ್ಟ್ ಹಾಕ್ತೀವಿ, ಸ್ಟೌಟ್ ಅನ್ನೋ ಬಿಯರಿನ ಕಪ್ಪು ಬಣ್ಣ ಅದರದ್ದೇ, ಆದ್ರೆ ಅಡಿಗೆ ಉಪ್ಪಿನಷ್ಟು. ಮೂಟೆಗಟ್ಟಲೆ ಹಾಕೋದು ಹುರಿಯದೆ, ಬಿಸಿಗಾಳೀಲಿ ಹದವಾಗಿ ಒಣಗಿಸಿದ್ದು.


ಮಲ್ಲೇಶ್ವರಂ ಮೀನಾಕ್ಷಿ

ಓ, ಅದಕ್ಕೇನಾ ಮೊಳಕೆ ರಾಗಿ ಗಂಜಿ ನೀರಾಗೋದು? ನನ್ನ ಮಗಳಿಗೆ ಆರು ತಿಂಗಳಲ್ಲಿ ರಾಗಿ ಸರಿ ಮಾಡ್ತಿದ್ದಾಗ ನಮ್ಮತ್ತೆ ಬೈತಿದ್ರು, "ಹುರಿಯೋದು ಕಡಿಮೆ ಮಾಡಿದೀಯ, ನೋಡು ನೀರಾಯ್ತು" ಅಂತ. ಹದಿನೈದು ವರ್ಷ ಆದ್ಮೇಲೆ ಉತ್ತರ ಸಿಕ್ತು, ಅದೂ ಬಿಯರ್ ಮಾತಾಡೋ ಕಡೆ!


ಹುಳಿಹಿಟ್ಟು

ಅದೇ ಮೇಡಂ. ಕಿಣ್ವ ಉಳಿದಿತ್ತು, ಪಿಷ್ಟ ಕರಗಿಸ್ತು. ಮಗುವಿಗೆ ಒಳ್ಳೇದೇ, ಜೀರ್ಣ ಸುಲಭ. ಅತ್ತೆಗೆ ಹೇಳಬೇಡಿ ಎಲ್ಲಿ ಓದಿದ್ದು ಅಂತ.


ಪೇಡಾ ಪ್ರಿಯ

ನಾವು ಧಾರವಾಡದವ್ರು ರೀ. ಬರೋ ತಿಂಗಳ ಬೆಂಗಳೂರಿಗೆ ಮದಿವಿಗೆ ಬರಾಕತ್ತೀವಿ, ನಾಕು ಮಂದಿ ಗೆಳ್ಯಾರು. ಒಂದ ದಿನ ಖಾಲಿ ಐತಿ. ಎಲ್ಲಿ ಹೋಗೂದು? ಹೆಸರು ಹೇಳ್ರೆಲಾ, ಇವ್ರು ತಿಪಟೂರಿನವ್ರು ಹೆಸರ ಮುಚ್ಚಿಟ್ಟಾರ.


ಕಾಫಿಗಷ್ಟೇ ಸೈ

ನಾನು ಕುಡಿಯೋನಲ್ಲ, ಆದ್ರೆ ಕುಡಿಯೋರನ್ನ ಕರ್ಕೊಂಡು ಹೋಗಿ ಬಿಟ್ಟು ಬರೋನು, ಅದಕ್ಕೆ ಊರಿನ ಎಲ್ಲ ಜಾಗ ಗೊತ್ತು. ಇಂದಿರಾನಗರದ ಟಾಯ್ಟ್ 2010ರಲ್ಲಿ ಶುರುವಾಗಿದ್ದು, ನೂರಡಿ ರಸ್ತೇಲಿ, ಮೆಟ್ರೋ ಇಳಿದು ನಡ್ಕೊಂಡೇ ಹೋಗಬಹುದು. ವಿಠ್ಠಲ್ ಮಲ್ಯ ರಸ್ತೆಯ ಬಿಯರ್ ಕ್ಲಬ್ಬೂ ಆ ಕಾಲದ್ದೇ. ಊರಲ್ಲಿ ಮೊದಲನೇದು ಯಾವುದು ಅಂತ ಕೇಳಿದ್ರೆ ಎರಡೂ ಕಡೆ ಜನ ತೋಳು ಮಡಿಸ್ತಾರೆ, ಆ ಜಗಳಕ್ಕೆ ನಾನು ಬರಲ್ಲ. ಮ್ಯಾಗ್ರತ್ ರಸ್ತೆಯ ಆರ್ಬರ್ ಇದೆ, ಅಮೆರಿಕದ ಮಿಶಿಗನ್‌ನ ಆನ್ ಆರ್ಬರ್ ಊರಿನ ಬ್ರೂವರಿ ಹೆಸರಲ್ಲಿ ಬಂದಿದ್ದು. ವೈಟ್‌ಫೀಲ್ಡ್ ಕಡೆ ವಿಂಡ್‌ಮಿಲ್ಸ್, ಅಲ್ಲಿ ಜಾಝ್ ಸಂಗೀತಾನೂ ಪುಸ್ತಕಗಳೂ ಇವೆ. ನೇರಳೆ ಮೆಟ್ರೋ 2023ರಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಓಡುತ್ತೆ. ಗಾಡಿ ಮಾತ್ರ ತರಬೇಡಿ ಅಂತ ಕೈಮುಗಿದು ಕೇಳ್ಕೋತೀನಿ. ನಾಕು ಜನದಲ್ಲಿ "ನಾನು ಬರೀ ಎರಡೇ" ಅನ್ನೋನೇ ಯಾವಾಗ್ಲೂ ಕೀ ಹಿಡ್ಕೊಂಡಿರ್ತಾನೆ.

ಇನ್ನೊಂದು, ಟೂರ್ ಅಂತ ಎಲ್ಲರೂ ದಿನಾ ಮಾಡಲ್ಲ. ಫೋನ್ ಮಾಡಿ "ಯಾವ ದಿನ ಬ್ರೂ ಮಾಡ್ತೀರ, ಒಂದು ಅರ್ಧ ಗಂಟೆ ನಿಂತು ನೋಡಬಹುದಾ" ಅಂತ ಕೇಳಿ. ವಾರದ ನಡುವೆ ಕೇಳಿದ್ರೆ ಬಹಳ ಸಲ ಹೂಂ ಅಂತಾರೆ.


ಪೇಡಾ ಪ್ರಿಯ

ಭಾಳ ಉಪಕಾರ ಆತ್ರಿ. ಗಾಡಿ ತರೂದುಲ್ರಿ, ರೈಲಿಗೇ ಬರ್ತೀವಿ.


ಮೈಸೂರಿನಿಂದ ಮ್ಯೂನಿಕ್

ಇಲ್ಲಿ ಕೂತು ಇದನ್ನೆಲ್ಲ ಓದೋಕೆ ಮಜಾ. ನಮ್ಮ ಮನೆಯಿಂದ ಲೋಕಲ್ ಟ್ರೇನಲ್ಲಿ ಫ್ರೈಸಿಂಗ್‌ಗೆ ಹೋದ್ರೆ ವೈಹೆನ್‌ಸ್ಟೆಫಾನ್ ಬ್ರೂವರಿ. 1040ರಿಂದ ನಡೀತಿದೆ, ಜಗತ್ತಿನ ಅತಿ ಹಳೆಯ ಬ್ರೂವರಿ ಅಂತ ಹೇಳ್ಕೋತಾರೆ. ಹೊಯ್ಸಳರು ಬೇಲೂರು ಕಟ್ಟೋಕೆ ಮುಂಚೆ ಅಂತ ಲೆಕ್ಕ ಹಾಕ್ಕೊಳಿ. ಗುಡ್ಡದ ಮೇಲೆ ಹಳೇ ಮಠದ ಜಾಗ, ಪಕ್ಕದಲ್ಲೇ ಬಿಯರ್ ಮಾಡೋದನ್ನ ಡಿಗ್ರಿಗೆ ಓದಿಸೋ ವಿಶ್ವವಿದ್ಯಾಲಯ.

ಬವೇರಿಯಾದಲ್ಲಿ 1516ರಲ್ಲಿ ಒಂದು ಕಾನೂನು ಮಾಡಿದ್ರು, ಬಿಯರ್‌ಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಬಾರದು ಅಂತ. ಆ ಪಟ್ಟೀಲಿ ಈಸ್ಟೇ ಇಲ್ಲ. ಆಗ ಅದೇನು ಅಂತ ಯಾರಿಗೂ ಗೊತ್ತಿರಲಿಲ್ಲ. ಹಳೇ ಪಾತ್ರೆಯ ಚರಟ ಹೊಸದಕ್ಕೆ ಸುರಿದ್ರೆ ಹುದುಗುತ್ತೆ ಅಂತಷ್ಟೇ ಗೊತ್ತು, ನಮ್ಮಲ್ಲಿ ಹಾಲಿಗೆ ಹೆಪ್ಪು ಹಾಕೋ ಹಾಗೆ. ಇಲ್ಲಿಯವರಿಗೆ ಬೆಂಗಳೂರಲ್ಲಿ ಬಾಸ್ಮತಿ ಅಕ್ಕಿ ಹಾಕಿ ಬಿಯರ್ ಮಾಡ್ತಾರೆ ಅಂದೆ. ಒಬ್ಬ ಅಜ್ಜ ನನ್ನ ಮುಖ ನೋಡಿ ಗ್ಲಾಸು ಕೆಳಗಿಟ್ಟ.

ತಿಪಟೂರಿನೋರೇ, ರುಚಿ ನೋಡಿದ್ದು ಬರೀತೀನಿ ಅಂದ್ರಿ?


ತಿಪಟೂರು ಹೈದ

ಬರೀತೀನಿ. ನೂರು ಎಂಎಲ್‌ನ ಆರು ಗ್ಲಾಸು, ಮರದ ಹಲಗೇಲಿ ಸಾಲಾಗಿ. ಎಡದಿಂದ ಬಲಕ್ಕೆ ಹೋಗಬೇಕಂತೆ, ತೆಳುವಿನಿಂದ ಗಟ್ಟಿಗೆ. ಮೊದಲೇ ಕಹಿ ಕುಡಿದ್ರೆ ನಾಲಿಗೆ ಅಲ್ಲೇ ಕೂತುಬಿಡುತ್ತೆ.

ಲಾಗರ್: ತಿಳಿ, ಗರಿಗರಿ. ಇದರಲ್ಲಿ ಹೇಳೋಕೆ ಏನಿಲ್ಲ ಅಂದೆ. "ಹೇಳೋಕೆ ಏನಿಲ್ಲದ ಹಾಗೆ ಮಾಡೋದೇ ಕಷ್ಟ ಅಣ್ಣ, ತಪ್ಪು ಮಾಡಿದ್ರೆ ಮುಚ್ಚೋಕೆ ಏನೂ ಇರಲ್ಲ" ಅಂದ. ತಣ್ಣನೆ ಟ್ಯಾಂಕಲ್ಲಿ ಒಂದು ತಿಂಗಳ ಮೇಲೆ ಕೂತಿತ್ತಂತೆ.

ಗೋಧಿ ಬಿಯರ್: ಮೂಗಿಗೆ ಹಿಡಿದ ತಕ್ಷಣ ಏಲಕ್ಕಿ ಬಾಳೆಹಣ್ಣು. ಆಮೇಲೆ ಲವಂಗ. ಎಸೆನ್ಸ್ ಹಾಕ್ತೀರಾ ಅಂತ ಕೇಳಿ ನಗೆಪಾಟಲಾದೆ. ಬಾಳೆಹಣ್ಣೂ ಇಲ್ಲ, ಲವಂಗಾನೂ ಇಲ್ಲ. ಆ ಜಾತಿ ಈಸ್ಟ್ ಹುದುಗುವಾಗ ಆ ವಾಸನೆ ಬಿಡುತ್ತಂತೆ. ಮಬ್ಬು ಮಬ್ಬಾಗಿರೋದೂ ಅದರ ಗುಣವೇ, ಕೆಟ್ಟಿರೋದಲ್ಲ.

ಐಪಿಎ (ಹಾಪ್ಸ್ ಜಾಸ್ತಿ ಹಾಕಿದ ಕಹಿ ಬಿಯರ್): ಇದನ್ನ ಮೊದಲ ಸಲ ಕುಡಿದಾಗ ಹಾಗಲಕಾಯಿ ಅಂತ ಬೈದಿದ್ದೆ. ಆವತ್ತು ಹಾಪ್ಸ್ ಮೂಸಿ ಬಂದ ಕೈಯಲ್ಲಿ ಗ್ಲಾಸು ಹಿಡಿದೆನಲ್ಲ, ಅದೇ ಕಿತ್ತಳೆ ಸಿಪ್ಪೆ ಗ್ಲಾಸಲ್ಲೂ ಕೂತಿತ್ತು. ಕಹಿ ಹಾಗೇ ಇದೆ, ಆದ್ರೆ ಅದು ಎಲ್ಲಿಂದ ಬಂತು ಅಂತ ಗೊತ್ತು. ಪಕ್ಕದಲ್ಲಿ ಗುಂಟೂರು ಚಿಕನ್ ಇಟ್ಟಿದ್ರು, ಒಂದು ಚೂರು ತಿಂದು ಐಪಿಎ ಕುಡಿದೆ, ಬಾಯಿಗೆ ಬೆಂಕಿ ಬಿತ್ತು. ಕಹಿ ಖಾರವನ್ನ ಎತ್ತಿ ಹಿಡಿಯುತ್ತೆ. ಖಾರಕ್ಕೆ ಗೋಧಿ ಬಿಯರ್ರೇ ಸರಿ. ನಡುನಡುವೆ ಬಾಯಿ ತೊಳೆಯೋಕೆ ಕಡ್ಲೆಪುರಿ ಕೇಳಿದೆ, ಉಪ್ಪು ಖಾರ ಏನೂ ಇಲ್ಲದ್ದು. ಬಿಸ್ಕೆಟ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತೆ.

ಕೋಕಂ ಹಾಕಿದ ಹುಳಿ ಬಿಯರ್: ಬೇಸಿಗೇಲಿ ಓಕೆ. ಅದಕ್ಕಿಂತ ನಮ್ಮ ಪುನರ್ಪುಳಿ ಶರಬತ್ತೇ ವಾಸಿ.

ರಾಗಿ ಬಿಯರ್: ಇದಕ್ಕೆ ಬೇರೆ ಜಗಳ ಇದೆ, ತಾಳಿ.

ಚಿಕ್ಕಮಗಳೂರು ಕಾಫಿ ಹಾಕಿದ ಸ್ಟೌಟ್: ಫ್ರಿಜ್ಜಿನಿಂದ ತೆಗೆದ ಹಾಗೆ ತಣ್ಣಗೆ ಕೊಟ್ರು, ಏನೂ ಗೊತ್ತಾಗಲಿಲ್ಲ, ಸುಟ್ಟ ನೀರು ಅನ್ನಿಸ್ತು. ಗ್ಲಾಸನ್ನ ಎರಡು ಅಂಗೈಲಿ ಹಿಡ್ಕೊಂಡು ಹತ್ತು ನಿಮಿಷ ಕೂತೆ. ಬಿಸಿ ತಾಗಿದ ಹಾಗೆಲ್ಲ ಮೊದಲು ಕಾಫಿ, ಆಮೇಲೆ ಸುಟ್ಟ ಬೆಲ್ಲ, ಕೊನೆಗೆ ಹೋಳಿಗೆ ಹೂರಣ ಕಾವಲಿಗೆ ಸೋಕಿದಾಗ ಬರೋ ಒಂದು ಕರಕು. "ಚಿಲ್ಡ್ ಇದೆಯಾ" ಅಂತ ಕೇಳಿ ಕೇಳಿ ನಾವೇ ಎಷ್ಟು ರುಚಿ ಕಳ್ಕೊಂಡಿದೀವೋ.


ಕಡಲತಡಿ

ಪುನರ್ಪುಳಿ ಶರಬತ್ತೇ ವಾಸಿ ಅಂದದ್ದಕ್ಕೆ ನಿಮಗೆ ಕುಡ್ಲದಿಂದ ಒಂದು ನಮಸ್ಕಾರ ಮಾರಾಯ್ರೆ. ಮತ್ತೆ ಈ ಹುಳಿ ಬಿಯರ್ ಅಂತ ಅಷ್ಟು ದುಡ್ಡು ಕೊಡ್ತೀರಲ್ಲ, ನಮ್ಮಲ್ಲಿ ಬೆಳಗ್ಗೆ ಇಳಿಸಿದ ಕಳ್ಳು ಸಂಜೆವರೆಗೆ ಇಟ್ಟರೆ ಅದೇ ರುಚಿ ಬರ್ತದೆ. ಕೊಂಕಣಿ ಕ್ರಿಶ್ಚಿಯನರ ಮನೆಯಲ್ಲಿ ಸನ್ನ (ಇಡ್ಲಿಯ ಹಾಗಿನದ್ದು) ಉಬ್ಬುವುದು ಆ ಕಳ್ಳಿನಿಂದಲೇ. ಈಸ್ಟ್ ಅಂತ ಪ್ಯಾಕೆಟ್ ತರ್ಲಿಕ್ಕೆ ಯಾರೂ ಹೋಗುವುದಿಲ್ಲ.


ಬೆಣ್ಣೆ ದೋಸೆ

ಇಷ್ಟೆಲ್ಲ ಹೊಗಳ್ತಿದ್ದೀರ, ನನ್ನ ಅನುಭವ ಹೇಳ್ತೀನಿ. ಹೋದ ತಿಂಗಳು ಒಂದು ಕಡೆ (ಹೆಸರು ಬೇಡ) ಟೂರ್, ಟೇಸ್ಟಿಂಗ್ ಎರಡೂ ಸೇರಿಸಿ ದುಡ್ಡು ಕಟ್ಟಿದ್ವಿ. ಟೂರ್ ಅಂದ್ರೆ ಗಾಜಿನ ಗೋಡೆ ಆಚೆ ನಿಲ್ಲಿಸಿ ಐದು ನಿಮಿಷ, ಒಬ್ಬ ಹುಡುಗ ಫೋನ್ ನೋಡ್ಕೊಂಡು ಬಾಯಿಪಾಠ ಒಪ್ಪಿಸಿದ. ಆಮೇಲೆ ಲಾಗರ್ ಬಂತು, ಬೆಣ್ಣೆ ಬಿಸ್ಕೆಟ್ ವಾಸನೆ. ನಾಲಿಗೆ ಮೇಲೆ ಜಿಡ್ಡು. ನಾನು ದಾವಣಗೆರೆಯೋನು, ಬೆಣ್ಣೆ ಅಂದ್ರೆ ನನಗೆ ಹೇಳಬೇಕಾ? ವಾಪಸ್ ಕೊಟ್ಟೆ. "ಸರ್, ಇದರ ಸ್ಟೈಲೇ ಹೀಗೆ" ಅಂದ್ರು. ಹೌದಾ?


ಹುಳಿಹಿಟ್ಟು

ಲಾಗರ್ ಅಂದ್ರಲ್ಲ, ಆಗಿದ್ರೆ ಬಹುತೇಕ ಅಲ್ಲ ಸರ್. ಕೆಲವು ಹಳೇ ಜೆಕ್ ಲಾಗರ್, ಇಂಗ್ಲಿಷ್ ಏಲ್‌ಗಳಲ್ಲಿ ಒಂದು ಚೂರು ಇರಬಹುದು, ನಾಲಿಗೆ ಜಿಡ್ಡಾಗೋ ಅಷ್ಟಲ್ಲ. ಅದರ ಹೆಸರು ಡೈಅಸಿಟೈಲ್. ಹುದುಗೋವಾಗ ಎಲ್ಲ ಬಿಯರಲ್ಲೂ ಅದಕ್ಕೆ ದಾರಿಯಾಗೋ ವಸ್ತು ಹುಟ್ಟುತ್ತೆ, ಕೊನೇಲಿ ಈಸ್ಟೇ ಅದನ್ನ ವಾಪಸ್ ತಿಂದು ಶುದ್ಧ ಮಾಡುತ್ತೆ. ಅದಕ್ಕೆ ಟ್ಯಾಂಕಿನ ಬಿಸಿ ಸ್ವಲ್ಪ ಏರಿಸಿ ಎರಡು ಮೂರು ದಿನ ಬಿಡಬೇಕು. ವಾರಾಂತ್ಯಕ್ಕೆ ಬಿಯರ್ ಖಾಲಿ ಆಗಿದೆ ಅಂತ ಮೇಲಿಂದ ಒತ್ತಡ ಬಂದ್ರೆ ಆ ಎರಡು ದಿನವನ್ನೇ ಮೊದಲು ಕತ್ತರಿಸೋದು. ಇನ್ನೊಂದು ಕಾರಣ, ಟ್ಯಾಂಕಿಂದ ನಲ್ಲಿಗೆ ಬರೋ ಪೈಪ್ ತೊಳೆಯದೇ ಇದ್ರೆ ಅಲ್ಲಿ ಬ್ಯಾಕ್ಟೀರಿಯಾ ಕೂತು ಅದೇ ವಾಸನೆ ಮಾಡುತ್ತೆ.

ನಾವು ಹೇಗೆ ಪರೀಕ್ಷೆ ಮಾಡ್ತೀವಿ ಅಂದ್ರೆ, ಒಂದು ಸಣ್ಣ ಲೋಟ ಬಿಯರ್ ಮುಚ್ಚಿ ಬಿಸಿನೀರಲ್ಲಿ ಸುಮಾರು 60 ಡಿಗ್ರೀಲಿ ಇಪ್ಪತ್ತು ಮೂವತ್ತು ನಿಮಿಷ ಇಡ್ತೀವಿ, ಇನ್ನೊಂದು ಹಾಗೇ. ಬಿಸಿ ಮಾಡಿದ್ದನ್ನ ತಣಿಸಿ ಎರಡೂ ಮೂಸ್ತೀವಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ಬಂದ್ರೆ ಈಸ್ಟ್ ಇನ್ನೂ ಕೆಲಸ ಮುಗಿಸಿಲ್ಲ, ಟ್ಯಾಂಕ್ ಮುಟ್ಟಬೇಡಿ.

ಬೇಯಿಸಿದ ಮುಸುಕಿನ ಜೋಳದ ವಾಸನೆ ಬಂದ್ರೆ ಸರಿಯಾಗಿ ಕುದಿಸಿಲ್ಲ. ಹಸಿ ಸೇಬಿನ ವಾಸನೆ ಬಂದ್ರೆ ಎಳೇದರಲ್ಲೇ ತೆಗೆದಿದ್ದಾರೆ. ಗ್ಲಾಸಿನ ಒಳಗೋಡೆಗೆ ಗುಳ್ಳೆ ಅಂಟಿಕೊಂಡು ನಿಂತಿದ್ರೆ ಬಿಯರ್ ತಪ್ಪಲ್ಲ, ಗ್ಲಾಸು ತೊಳೆದಿರೋದು ಸರಿ ಇಲ್ಲ. ಮರ್ಯಾದೆಯಿಂದ ವಾಪಸ್ ಕೊಡಿ. ಒಳ್ಳೆ ಜಾಗದಲ್ಲಿ ಬ್ರೂವರ್ ಓಡಿ ಬಂದು ಮೂಸಿ ನೋಡ್ತಾನೆ.


ಫುಲ್ ಬಾಟ್ಲು

ನನ್ನ ಬಾಟ್ಲು ಒಂದು ಸಲ ಬಿಸಿಲಲ್ಲಿ ಕಾರಲ್ಲಿ ಉಳಿದು ಹಾಳು ವಾಸನೆ ಬಂದಿತ್ತು, ಅದೇನದು?


ಹುಳಿಹಿಟ್ಟು

ಬಿಸಿಲು ಹಾಪ್ಸ್‌ನ ಕಹಿ ಅಂಶವನ್ನ ಒಡೆಯುತ್ತೆ, ಆಗ ಗಂಧಕದ ಥರ ಗಬ್ಬು ಬರುತ್ತೆ. ಕಂದು ಗಾಜು ತಡೆಯುತ್ತೆ, ಹಸಿರು ಗಾಜು ಅಷ್ಟಾಗಿ ತಡೆಯಲ್ಲ. ನಿಮ್ಮದು ಹಸಿರು ಬಾಟ್ಲು ಅಂತ ಪಂದ್ಯ ಕಟ್ತೀನಿ.


ಫುಲ್ ಬಾಟ್ಲು

ಹಸಿರೇ. ಒಪ್ಪಿದೆ ಗುರುವೇ.


ಮಂಡ್ಯ ಮುದ್ದೆ

ರಾಗಿ ಬಿಯರ್ ಜಗಳ ಇದೆ ಅಂದು ಎಲ್ಲಿ ಮಾಯ ಆದ್ರಿ? ನಾನು ಕಾಯ್ತಾ ಕೂತಿದೀನಿ. ನಮ್ಮ ರಾಗಿ ಹೆಸರು ಹಾಕ್ಕೊಂಡು ಬೋರ್ಡ್ ಮೇಲೆ ಬರೆದಿರ್ತಾರೆ, ಕುಡಿದ್ರೆ ರಾಗಿ ಎಲ್ಲೂ ಇಲ್ಲ. ಮೋಸ ಅಲ್ವಾ ಇದು?


ತಿಪಟೂರು ಹೈದ

ನಾನೂ ಇದನ್ನೇ ಕೇಳಿದೆ ಗೌಡ್ರೆ. ಹುಡುಗ ತಲೆ ಕೆರ್ಕೊಂಡ. ಐದು ಮೂಟೆ ಹಾಕೋ ಕಡೆ ಒಂದೇ ಮೂಟೆ ರಾಗಿಯಂತೆ, ಮಿಕ್ಕಿದ್ದು ಬಾರ್ಲಿ. ಹಾಗಿದ್ರೆ ರಾಗಿ ಬಿಯರ್ ಅಂತ ಯಾಕೆ ಬರೀತೀರ ಅಂದೆ. "ಅವರೆಕಾಳು ಉಪ್ಪಿಟ್ಟಲ್ಲಿ ಜಾಸ್ತಿ ಇರೋದು ರವೆ ತಾನೆ ಅಣ್ಣ" ಅಂದ. ಬಾಯಿ ಮುಚ್ಕೊಂಡೆ. ರುಚಿಗೆ ಬಂದ್ರೆ, ಕೊನೇಲಿ ಮಣ್ಣಿನ ಥರ ಒಂದು ಒಗರು ಉಳೀತು, ಮಡಕೆ ನೀರು ಕುಡಿದ ಮೇಲೆ ಉಳಿಯುತ್ತಲ್ಲ, ಅಷ್ಟೇ. ನನಗೆ ಇಷ್ಟ ಆಯ್ತು. ಆದ್ರೆ ಕಣ್ಣು ಮುಚ್ಚಿ ಕೊಟ್ಟಿದ್ರೆ ರಾಗಿ ಅಂತ ಹೇಳ್ತಿರಲಿಲ್ಲ.


ಹುಳಿಹಿಟ್ಟು

ಮೋಸ ಅಂತ ಒಟ್ಟಿಗೆ ಹೇಳಬೇಡಿ ಸರ್, ಕಷ್ಟ ಏನು ಅಂತ ಹೇಳ್ತೀನಿ. ಬಾರ್ಲಿ ಹೊಟ್ಟೇ ಜರಡಿ ಅಂತ ಮೇಲೆ ಬರೆದಿದ್ದಾರಲ್ಲ. ರಾಗಿಗೆ ಆ ಹೊಟ್ಟು ಇಲ್ಲ. ಪೂರ್ತಿ ರಾಗೀಲೇ ಮಾಡಿದ್ರೆ ಕೊಪ್ಪರಿಗೆ ತಳದಲ್ಲಿ ಅಂಬಲಿ ಕಟ್ಟಿಕೊಂಡು ಒಂದು ಹನಿ ರಸ ಇಳಿಯಲ್ಲ. ನನ್ನ ಕೈಯಲ್ಲೇ ಒಂದು ಸಲ ಹಂಗಾಗಿದೆ. ಹಲಗೆ ಹಿಡಿದು ಮುದ್ದೆ ತಿರುವಿದ ಹಾಗೆ ತಿರುವಿದ್ದೀವಿ, ರಾತ್ರಿ ಹನ್ನೊಂದಕ್ಕೆ ಮನೆಗೆ ಹೋದೆ. ಅದಕ್ಕೆ ಗೋಧಿಗೋ ರಾಗಿಗೋ ನಾವು ಭತ್ತದ ಹೊಟ್ಟು ಬೆರೆಸ್ತೀವಿ, ರುಚಿಗಲ್ಲ, ದಾರಿ ಬಿಡೋಕೆ. ಇನ್ನೊಂದು, ರಾಗಿ ಪಿಷ್ಟ ಬಾರ್ಲಿಗಿಂತ ಹೆಚ್ಚು ಬಿಸೀಲಿ ಅರಳೋದು, ಅದನ್ನ ಬೇರೆ ಬೇಯಿಸಿ ಸೇರಿಸಬೇಕು.

ಆದ್ರೆ ನಿಮ್ಮ ಮಾತಲ್ಲೂ ನ್ಯಾಯ ಇದೆ. ಎಷ್ಟು ಹಾಕಿದೀವಿ ಅಂತ ಬೋರ್ಡ್ ಮೇಲೆ ಬರೆದ್ರೆ ಏನೂ ಹೋಗಲ್ಲ. ನೇಪಾಳ, ಸಿಕ್ಕಿಂ ಕಡೆ ತೋಂಗ್ಬಾ ಅಂತ ಮಾಡ್ತಾರೆ, ಹುದುಗಿದ ರಾಗಿಯನ್ನೇ ಬಿದಿರಿನ ಲೋಟಕ್ಕೆ ತುಂಬಿ, ಬಿಸಿನೀರು ಸುರಿದು, ಕೊಳವೇಲಿ ಹೀರೋದು. ಅದು ನಿಜವಾದ ರಾಗಿ ಬಿಯರ್. ಜರಡಿ ತಲೆನೋವೇ ಇಲ್ಲ, ಕೊಳವೆಯೇ ಜರಡಿ.


ಮಂಡ್ಯ ಮುದ್ದೆ

ಮುದ್ದೆ ತಿರುವಿದ್ದೀನಿ ಅಂದ್ರಲ್ಲ, ಅದಕ್ಕೆ ಮಾಫಿ.


ಮಲ್ಲೇಶ್ವರಂ ಮೀನಾಕ್ಷಿ

ನೀರಿನ ಬಗ್ಗೆ ಯಾರೂ ಮಾತಾಡ್ತಿಲ್ಲ. 2024ರ ಬೇಸಿಗೇಲಿ ನಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ನೀರು ಸಿಗದೆ ಬಕೆಟ್ ಲೆಕ್ಕ ಇಟ್ಕೊಂಡಿದ್ವಿ. ಇಷ್ಟೊಂದು ತೊಳೀತಾರೆ ಅಂತ ನೀವೇ ಬರೆದಿದ್ದೀರ.


ಹುಳಿಹಿಟ್ಟು

ಕೇಳಬೇಕಾದ ಪ್ರಶ್ನೆ ಮೇಡಂ. ಒಂದು ಲೀಟರ್ ಬಿಯರ್‌ಗೆ ಒಟ್ಟು ನಾಲ್ಕೈದು ಲೀಟರ್ ನೀರು ಹೋಗುತ್ತೆ, ಸಣ್ಣ ಜಾಗಗಳಲ್ಲಿ ಅದಕ್ಕಿಂತ ಜಾಸ್ತಿ. ಹೆಚ್ಚಿನ ಪಾಲು ತೊಳೆಯೋಕೆ. ವರ್ಟ್ ತಣಿಸೋಕೆ ಬಳಸಿದ ನೀರು ಬಿಸಿಯಾಗಿ ಬರುತ್ತೆ, ಅದನ್ನ ಹಿಡಿದಿಟ್ಟು ಮುಂದಿನ ಬ್ರೂಗೆ ಹಾಕೋದು ಸಾಧ್ಯ. ನೀವು ಟೂರ್‌ಗೆ ಹೋದ್ರೆ "ತಣಿಸಿದ ನೀರು ಎಲ್ಲಿಗೆ ಹೋಗುತ್ತೆ" ಅಂತ ಕೇಳಿ. ಚರಂಡಿ ಕಡೆ ಕೈ ತೋರಿಸಿದ್ರೆ ನಿಮಗೆ ಅರ್ಥ ಆಗುತ್ತೆ.

ಹೋಗೋರಿಗೆಲ್ಲ ಇನ್ನೊಂದು ಮಾತು, ಇದು ತಮಾಷೆ ಅಲ್ಲ. ಖಾಲಿ ಟ್ಯಾಂಕಿನೊಳಗೆ ತಲೆ ಹಾಕಿ ಇಣುಕಬೇಡಿ, ಫೋಟೋಗೂ ಬೇಡ. ಹುದುಗಿದಾಗ ಬರೋ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತೆ. ಹಳ್ಳಿ ಕಡೆ ರಾಗಿ ತುಂಬಿದ ಹಗೇವು ತೆಗೆದಾಗ ಮೊದಲು ದೀಪ ಇಳಿಸಿ ನೋಡ್ತಿದ್ರಲ್ಲ, ದೀಪ ಆರಿದ್ರೆ ಮನುಷ್ಯ ಇಳೀತಿರಲಿಲ್ಲ. ಇದೂ ಅದೇ. ಚಪ್ಪಲಿ ಬೇಡ, ಶೂ ಹಾಕ್ಕೊಂಡು ಬನ್ನಿ, ನೆಲ ಯಾವಾಗ್ಲೂ ಒದ್ದೆ, ತೊಳೆಯೋದು ಕಾಸ್ಟಿಕ್ ಸೋಡದಲ್ಲಿ.


ಕಾಫಿಗಷ್ಟೇ ಸೈ

ಹಗೇವಿನ ಮಾತು ಕೇಳಿ ನಮ್ಮಜ್ಜ ನೆನಪಾದ್ರು. ಒಂದು ಹಳೇ ವಿಷಯ ಸೇರಿಸ್ತೀನಿ. ಬೆಂಗಳೂರಿಗೆ ಬಿಯರ್ ಐಟಿ ಹುಡುಗರು ತಂದಿದ್ದು ಅಂತ ಬಹಳ ಜನ ಅನ್ಕೊಂಡಿದ್ದಾರೆ. ಥಾಮಸ್ ಲೀಶ್‌ಮನ್ ಅನ್ನೋ ಸ್ಕಾಟ್ಲೆಂಡಿನವರು ದಕ್ಷಿಣದ ಬ್ರೂವರಿಗಳನ್ನ ಒಟ್ಟು ಸೇರಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ್ದು 1915ರಲ್ಲಿ. ದಂಡಿನ ಸಿಪಾಯಿಗಳಿಗೆ ಪೀಪಾಯಿ ಗಟ್ಟಲೆ ಹೋಗ್ತಿತ್ತು. ಈಗ ಯುಬಿ ಸಿಟಿ ನಿಂತಿರೋ ಜಾಗದಲ್ಲೇ ಅವರ ಬ್ರೂವರಿ ಇತ್ತು. ಅಲ್ಲಿ ಈಗ ಚೀಲ, ವಾಚು, ವಿದೇಶಿ ಬೂಟು ಮಾರ್ತಾರೆ.


ಬೆಣ್ಣೆ ದೋಸೆ

ಶಕ್ತಿ ಎಷ್ಟಿದೆ ಅಂತ ಹೇಗೆ ಗೊತ್ತಾಗುತ್ತೆ? ಬೋರ್ಡ್ ಮೇಲೆ ಐದು ಪರ್ಸೆಂಟ್ ಅಂತ ಬರೀತಾರೆ, ಅಳೆಯೋರು ಯಾರು?


ತಿಪಟೂರು ಹೈದ

ಇದನ್ನ ನೋಡಿದೆ ನಾನು! ನಮ್ಮೂರ ಡೈರೀಲಿ ಹಾಲಿಗೆ ಲ್ಯಾಕ್ಟೋಮೀಟರ್ ಬಿಡ್ತಾರಲ್ಲ, ಅದರ ಅಣ್ಣತಮ್ಮ. ಈಸ್ಟ್ ಬಿಡೋಕೆ ಮುಂಚೆ ಸಿಹಿ ರಸದಲ್ಲಿ ತೇಲಿಸಿದಾಗ 1.050 ತೋರಿಸ್ತು (ಬರೀ ನೀರಾದ್ರೆ 1.000). ಪಕ್ಕದ ಟ್ಯಾಂಕಲ್ಲಿ ಅದೇ ಥರದ್ದು ಹುದುಗಿ ಮುಗಿದಿದ್ದು 1.012. ಸಕ್ಕರೆ ಹೋದಷ್ಟೂ ಕಡ್ಡಿ ಕೆಳಗೆ ಮುಳುಗುತ್ತೆ. ಎರಡರ ವ್ಯತ್ಯಾಸವನ್ನ 131ರಿಂದ ಗುಣಿಸಿದ್ರೆ ಐದರ ಹತ್ತಿರ. ಡೈರೀಲಿ ನೀರು ಹಾಕಿದ್ದು ಹಿಡಿಯೋಕೆ, ಇಲ್ಲಿ ಸಕ್ಕರೆ ಖರ್ಚಾಗಿದ್ದು ಹಿಡಿಯೋಕೆ.

ಅಂದ ಹಾಗೆ ಬರೋವಾಗ ಹುಡುಗ ಒಂದು ಹಿಡಿ ಬಾರ್ಲಿ ಮಾಲ್ಟ್ ಪೊಟ್ಟಣ ಕಟ್ಟಿ ಕೊಟ್ಟಿದ್ದ, ಪುಡಿ ಮಾಡದೇ ಇರೋದು. ನಿನ್ನೆ ಊರಿಗೆ ಹೋದಾಗ ಅಮ್ಮನ ಮುಂದೆ ಇಟ್ಟೆ, ಇದೇನು ಹೇಳು ಅಂತ. ನಾಲ್ಕು ಕಾಳು ಬಾಯಿಗೆ ಹಾಕಿ ಕಟುಂ ಅಂತ ಕಡಿದ್ರು. "ಮೊಳಕೆ ಕಟ್ಟಿರೋದು. ಗೋಧಿ ಅಲ್ಲ. ಹದವಾಗಿ ಒಣಗ್ಸಿದಾರೆ, ಹುರಿದಿಲ್ಲ" ಅಂದ್ರು. ಆಮೇಲೆ ಅಂಗೈ ಮೇಲೆ ಹರಡಿ, ಕನ್ನಡಕ ಮೇಲೆತ್ತಿ ನೋಡಿದ್ರು. "ಬಾಲ ಎಲ್ಲಿ? ಉಜ್ಜಿ ತೆಗೆದುಬಿಟ್ಟಿದಾರಲ್ಲ. ಗೊತ್ತಿರೋರೇ ಮಾಡಿರೋದು."


ಹುಳಿಹಿಟ್ಟು

ಅಮ್ಮನಿಗೆ ದೊಡ್ಡ ನಮಸ್ಕಾರ ಹೇಳಿ. ಮಾಲ್ಟ್ ಮಾಡೋರು ಆ ಬೇರನ್ನ ಮಷೀನಲ್ಲಿ ಉದುರಿಸ್ತಾರೆ, ಬಿಟ್ರೆ ಕಹಿ, ತೇವಾನೂ ಎಳ್ಕೊಳ್ಳುತ್ತೆ. ನನಗೆ ಇದು ಕೆಲಸಕ್ಕೆ ಸೇರಿ ಒಂದು ವರ್ಷ ಆದ್ಮೇಲೆ ಗೊತ್ತಾಗಿದ್ದು. ನಾವು ಬರೋ ಗುರುವಾರ ಗೋಧಿ ಬ್ರೂ ಮಾಡ್ತೀವಿ, ಒಂಬತ್ತಕ್ಕೆ ಶುರು. ಅಮ್ಮನ್ನ ಕರ್ಕೊಂಡು ಬನ್ನಿ. ವಿಳಾಸ ಮೆಸೇಜ್ ಮಾಡ್ತೀನಿ. ಅವರಿಗೆ ವರ್ಟ್ ಕೊಡ್ತೀನಿ, ನಿಮಗೆ ಪೊರಕೆ.


ತಿಪಟೂರು ಹೈದ

ಫೋನ್ ಮಾಡಿ ಕೇಳಿದೆ. ಮೊದಲು "ಥೂ, ಹೆಂಡದ ಅಂಗಡಿಗಾ" ಅಂದ್ರು. ಆಮೇಲೆ ಅರ್ಧ ಗಂಟೆ ಬಿಟ್ಟು ಅವರೇ ಫೋನ್ ಮಾಡಿದ್ರು. ರಸ ಬಸಿದ ಮೇಲೆ ಉಳಿಯೋ ಅಷ್ಟೊಂದು ಹೊಟ್ಟು ಏನ್ ಮಾಡ್ತಾರೆ ಅಂತ ವಿಚಾರಿಸು ಅಂದ್ರು. ಮನೇಲಿ ಎರಡು ಸೀಮೆ ಹಸು ಇವೆ.


ಹುಳಿಹಿಟ್ಟು

ಹೊಸಕೋಟೆ ಕಡೆಯಿಂದ ಒಬ್ಬರು ಟೆಂಪೋ ತಂದು ತಗೊಂಡು ಹೋಗ್ತಾರೆ, ಹಸುಗಳಿಗೇ. ಗುರುವಾರ ನಿಮಗೆ ಎರಡು ಮೂಟೆ ತೆಗೆದಿಡ್ತೀನಿ. ಬಸ್ಸಲ್ಲಿ ಹಾಕಬೇಡಿ, ಒದ್ದೆ ಇರುತ್ತೆ, ತಿಪಟೂರು ತಲುಪೋಷ್ಟರಲ್ಲಿ ಹುಳಿ ಬಂದು ಕಂಡಕ್ಟರ್ ಇಳಿಸ್ತಾನೆ.